ಸಾಂಕ್ರಾಮಿಕದ ಕಾಲದಲ್ಲಿ ಹೆಣ್ಣುಮಕ್ಕಳ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಅದಕ್ಕೂ ಮುಂಚಿನ ಮೂರು ವರ್ಷಗಳಲ್ಲಿ ಬಸುರಿಯರು, ಬಾಣಂತಿಯರು, ಆಪರೇಷನ್‌ಗೆ ದಿನ ಗೊತ್ತಾಗಿದ್ದವರು, ಎದೆಯಲ್ಲಿ ಗಂಟು ಕಂಡವರು ಏನೇನು ಅನುಭವಿಸಿದರು ಎಂಬ ಲೆಕ್ಕ ಮಾತ್ರ ಇನ್ನೂ ಸರಿಯಾಗಿ ಆಗಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ, ಆರೋಗ್ಯ ಕೇಂದ್ರದ ಜಗಲಿಯಲ್ಲಿ, ಆಶಾ ಕಾರ್ಯಕರ್ತೆಯರ ಜೊತೆ ಕೂತಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಕರ್ನಾಟಕದ ಅನುಭವವೇ ಹೆಚ್ಚು. ಬೇರೆ ಕಡೆಯದು ಬೇಕಾದಷ್ಟು ಮಾತ್ರ.

ಕೊರೊನಾದಿಂದ ಸತ್ತವರಲ್ಲಿ ಗಂಡಸರೇ ಹೆಚ್ಚಲ್ಲವೇ? ಹೆಂಗಸರ ಮಾತು ಬೇರೆಯಾಗಿ ಯಾಕೆ?

ಸೋಂಕಿನಿಂದ ಸತ್ತವರಲ್ಲಿ ಗಂಡಸರು ಹೆಚ್ಚು, ನಿಜ. ಆದರೆ ಆ ಪಟ್ಟಿಯಲ್ಲಿ ಸೇರುವುದು ಸೋಂಕಿನಿಂದ ಸತ್ತವರು ಮಾತ್ರ. ಆಂಬುಲೆನ್ಸ್ ಬಾರದೆ ರಕ್ತಸ್ರಾವದಿಂದ ತೀರಿಕೊಂಡ ಬಾಣಂತಿ ಅದರಲ್ಲಿ ಇಲ್ಲ. ಬಿಪಿ ಏರಿದ್ದು ಯಾರಿಗೂ ಗೊತ್ತಾಗದೆ ಫಿಟ್ಸ್ ಬಂದು ಹೋದ ಬಸುರಿಯೂ ಇಲ್ಲ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 2014–15ರಲ್ಲಿ ಎಬೋಲಾ ಬಂದಾಗ ಇದು ಸ್ಪಷ್ಟವಾಗಿ ಕಂಡಿತ್ತು. ಭಯಕ್ಕೆ ಹೆಂಗಸರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು. ಅದರಿಂದ ಹೆಚ್ಚುವರಿಯಾಗಿ ಸತ್ತ ತಾಯಂದಿರು, ನವಜಾತ ಶಿಶುಗಳು ಮತ್ತು ಹೊಟ್ಟೆಯಲ್ಲೇ ಸತ್ತ ಮಕ್ಕಳು ಸೇರಿ ಕಡಿಮೆಯೆಂದರೂ 3,600 ಎಂದು ಸಂಶೋಧಕರು ಅಂದಾಜಿಸಿದರು. ಎಬೋಲಾ ವೈರಸ್ ಅಲ್ಲಿ ನೇರವಾಗಿ ತೆಗೆದ ಜೀವಗಳೂ ಹೆಚ್ಚುಕಡಿಮೆ ಅಷ್ಟೇ. ಈ ಪಾಠ 2020ಕ್ಕೆ ಮೊದಲೇ ಜಗತ್ತಿನ ಮುಂದಿತ್ತು. ಆದರೂ ಕೊರೊನಾದಲ್ಲಿ ಅದೇ ಮರುಕಳಿಸಿತು: 17 ದೇಶಗಳ 40 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ತಾಯಿ ಸಾವಿನ ಸಂಭವ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಮಗು ಸತ್ತು ಹುಟ್ಟುವ ಸಂಭವ ಕಾಲು ಭಾಗಕ್ಕಿಂತ ಹೆಚ್ಚು ಏರಿತ್ತು.

ಮಂಡಿನೋವಿನ ಚಿಕಿತ್ಸೆಯನ್ನು ಮೂರು ತಿಂಗಳು ಮುಂದೆ ಹಾಕಬಹುದು. ಒಂಬತ್ತು ತಿಂಗಳು ತುಂಬಿದ ಹೊಟ್ಟೆಯನ್ನು ಮುಂದೆ ಹಾಕಲು ಬರುವುದಿಲ್ಲ. ಬೇಡದ ಬಸಿರು, ಮುಟ್ಟು, ಬೆಳೆಯುತ್ತಿರುವ ಗಂಟು ಇವು ಯಾವುವೂ ಲಾಕ್‌ಡೌನ್ ಮುಗಿಯಲಿ ಎಂದು ಕಾಯುವುದಿಲ್ಲ. ಕೆಳಗಿನ ಎಲ್ಲ ಉತ್ತರಗಳ ಹಿಂದೆ ಇರುವುದು ಇದೊಂದೇ ಸಂಗತಿ.

ಹೆರಿಗೆ ಸೇವೆ ನಿಲ್ಲಿಸಿ ಎಂದು ಸರ್ಕಾರ ಹೇಳಿತ್ತೇ?

ಇಲ್ಲ. ಲಾಕ್‌ಡೌನ್ 2020ರ ಮಾರ್ಚ್ 25ರಂದು ಜಾರಿಯಾಯಿತು. ಏಪ್ರಿಲ್ 14ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಗರ್ಭಿಣಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ, ಗರ್ಭಪಾತ ಎಲ್ಲವೂ ಅತ್ಯಗತ್ಯ ಸೇವೆ ಎಂದೇ ಇತ್ತು. ಹಾಗೆ ಹೇಳಲು ಮೂರು ವಾರ ಬೇಕಾಯಿತು ಎಂಬುದನ್ನು ಮಾತ್ರ ಮರೆಯಬಾರದು.

ಕಾಗದದಲ್ಲಿ ಬಾಗಿಲು ತೆರೆದಿತ್ತು. ಬಾಗಿಲ ತನಕ ಹೋಗುವುದು ಹೇಗೆ? ಬಸ್ಸಿಲ್ಲ, ಆಟೋ ಇಲ್ಲ, 108ಕ್ಕೆ ಕರೆ ಮಾಡಿದರೆ ಗಾಡಿ ಕೊರೊನಾ ಕೆಲಸಕ್ಕೆ ಹೋಗಿದೆ. ಓಣಿ ಸೀಲ್‌ಡೌನ್ ಆಗಿದ್ದರೆ ಬ್ಯಾರಿಕೇಡ್ ದಾಟಲು ಪೊಲೀಸರ ಹತ್ತಿರ ಬೇಡಿಕೊಳ್ಳಬೇಕು. ಹತ್ತಿರದ ನರ್ಸಿಂಗ್ ಹೋಂ ಮುಚ್ಚಿದೆ. ತಾಲ್ಲೂಕು ಆಸ್ಪತ್ರೆಯನ್ನು ಕೋವಿಡ್ ಆಸ್ಪತ್ರೆ ಮಾಡಿದ್ದಾರೆ. ಹೇಗೋ ತಲುಪಿದರೆ ಅಲ್ಲಿ ಕೇಳುವ ಮೊದಲ ಮಾತು, “ರಿಪೋರ್ಟ್ ಎಲ್ಲಿ?”

ಈ ರಿಪೋರ್ಟ್ ವಿಷಯದಲ್ಲಿ ನಿಯಮ ಬಹಳ ಸ್ಪಷ್ಟವಾಗಿತ್ತು. ಪರೀಕ್ಷೆ ಆಗಿಲ್ಲವೆಂಬ ಕಾರಣಕ್ಕೆ ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯನ್ನೂ ತಡಮಾಡಬಾರದು, ಬೇಕಿದ್ದರೆ ಸ್ಯಾಂಪಲ್ ಅನ್ನು ಜೊತೆಜೊತೆಗೇ ಕಳಿಸಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಮೇ 18ರಂದೇ ಹೇಳಿತ್ತು. ಅದಾದ ಮೇಲೂ ಜೂನ್‌ನಲ್ಲಿ ನೋಯ್ಡಾದಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬರು ಸುಮಾರು 13 ಗಂಟೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಆಂಬುಲೆನ್ಸ್‌ನಲ್ಲೇ ಪ್ರಾಣ ಬಿಟ್ಟರು. ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ, ಆಸ್ಪತ್ರೆಗಳಲ್ಲಿ ಜಾಗ ಸಿಗದ ಮಹಿಳೆ ಆಟೋದಲ್ಲಿ ಹೆತ್ತರು, ಮಗು ಉಳಿಯಲಿಲ್ಲ. ಎರಡೂ ಕಡೆ ಬೇಕಾದಷ್ಟು ಆಸ್ಪತ್ರೆಗಳಿದ್ದವು, ಡಾಕ್ಟರುಗಳೂ ಇದ್ದರು. ಇಲ್ಲದಿದ್ದದ್ದು, ಬಂದವಳನ್ನು ಮೊದಲು ಒಳಗೆ ಕರೆದುಕೊಳ್ಳಬೇಕು ಎಂಬ ಕಟ್ಟುನಿಟ್ಟು.

ಅದೇ ಊರಿನಲ್ಲಿ ಅದೇ ತಿಂಗಳುಗಳಲ್ಲಿ ವಾಣಿ ವಿಲಾಸ ಆಸ್ಪತ್ರೆಯ ಸಿಬ್ಬಂದಿ ಪಿಪಿಇ ಕಿಟ್ ತೊಟ್ಟು ಸೋಂಕಿತ ಗರ್ಭಿಣಿಯರಿಗೆ ಒಂದರ ಹಿಂದೊಂದು ಹೆರಿಗೆ ಮಾಡಿಸಿದರು. ಆಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ತವರಿಗೆ ಹೋಗಬೇಕಾಗಿದ್ದ ಬಸುರಿಯರು ಏನು ಮಾಡಿದರು?

ಈ ಪ್ರಶ್ನೆಯನ್ನು ಅಧಿಕಾರಿಗಳು ಕೇಳುವುದಿಲ್ಲ, ಅಮ್ಮಂದಿರು ಕೇಳುತ್ತಾರೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಮಗಳನ್ನು ಕರೆದೊಯ್ಯುವುದು ರೂಢಿ. ಆರೋಗ್ಯ ಇಲಾಖೆಯ ಲೆಕ್ಕವೋ ಊರಿಗೆ ಕಟ್ಟಿದ್ದು. ತಾಯಿ ಕಾರ್ಡ್ ಗಂಡನ ಊರಿನ ಉಪಕೇಂದ್ರದ್ದು, ಆಶಾ ಅಲ್ಲಿಯವರು, ಸ್ಕ್ಯಾನಿಂಗ್ ಆಗಿದ್ದು ಅಲ್ಲಿ.

ಲಾಕ್‌ಡೌನ್ ಬಂದಾಗ ಕೆಲವರು ಗಂಡನ ಮನೆಯಲ್ಲಿ ಸಿಕ್ಕಿಕೊಂಡರು, ಕೆಲವರು ತವರಿನಲ್ಲಿ. ತವರಿನ ಊರಿನ ಆಶಾ ಬಳಿ ಹೆಸರಿಲ್ಲ. ಗಂಡನ ಊರಿನ ಆಶಾ ಬಳಿ ಹೆಸರಿದೆ, ಆಕೆ ಇಲ್ಲ. ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿ ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಗೆ ಮರಳಿದ ಕೂಲಿ ಕುಟುಂಬಗಳ ಬಸುರಿಯರ ಪಾಡೂ ಇದೇ. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಮೇಲೆ ಕಬ್ಬಿಣದ ಮಾತ್ರೆ ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥ ಮೈಯಲ್ಲಿ ಹೆರಿಗೆಯಾದಾಗ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಸಿಗುತ್ತಿದ್ದ ಬಿಸಿಯೂಟವೂ ಆಗ ನಿಂತಿತು. ಬದಲಿಗೆ ಮನೆಗೆ ರೇಷನ್ ಕೊಟ್ಟರು. ಮನೆಗೆ ಬಂದ ಬೇಳೆ, ಮೊಟ್ಟೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಬಸುರಿಯ ತಟ್ಟೆಗೆ ಬೀಳುವುದು ಕೊನೆಯ ಪಾಲು. ಇದು ನಮ್ಮ ಮನೆಗಳನ್ನು ಬಲ್ಲ ಯಾರಿಗಾದರೂ ಗೊತ್ತು.

ಹೊರದೇಶದ ಕನ್ನಡದ ಮನೆಗಳಲ್ಲೂ ಇದರ ಇನ್ನೊಂದು ಮುಖವಿತ್ತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟಿದ್ದ ಅಮ್ಮಂದಿರು ಅಂತರರಾಷ್ಟ್ರೀಯ ವಿಮಾನ ನಿಂತು ಇಲ್ಲೇ ಉಳಿದರು. ಎಣ್ಣೆಸ್ನಾನ, ಮೆಣಸಿನ ಸಾರು, ಮಗುವನ್ನು ಎತ್ತಿಕೊಳ್ಳುವ ಬಗೆ ಎಲ್ಲವನ್ನೂ ವಿಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟರು.

ಹಿಂದೆಲ್ಲ ಮನೆಯಲ್ಲೇ ಹೆರುತ್ತಿದ್ದರಲ್ಲ, ಅಷ್ಟೊಂದು ಗಾಬರಿ ಯಾಕೆ?

ಹಿಂದೆ ಎಷ್ಟು ತಾಯಂದಿರು ಸಾಯುತ್ತಿದ್ದರು ಎಂಬುದನ್ನೂ ನೆನೆಯಬೇಕು. ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಸಿದ್ದರಲ್ಲಿ ದೊಡ್ಡ ಪಾಲು ಆಸ್ಪತ್ರೆ ಹೆರಿಗೆಯದು. ನೇಪಾಳದ ಒಂಬತ್ತು ಆಸ್ಪತ್ರೆಗಳಲ್ಲಿ ಲಾಕ್‌ಡೌನ್‌ಗೆ ಮೊದಲು ಮತ್ತು ನಂತರ ನಡೆದ ಅಧ್ಯಯನದಲ್ಲಿ ಅಲ್ಲಿಗೆ ಹೆರಿಗೆಗೆ ಬಂದವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು, ನವಜಾತ ಶಿಶುಗಳ ಸಾವಿನ ಪ್ರಮಾಣ ಮೂರು ಪಟ್ಟಾಗಿತ್ತು.

ಬಸುರಿಯರಿಗೆ ಕೊರೊನಾ ಲಸಿಕೆ ಅಷ್ಟು ತಡವಾಗಿದ್ದೇಕೆ?

ನಮ್ಮ ದೃಷ್ಟಿಯಲ್ಲಿ ಇದು ಇಡೀ ಅವಧಿಯ ಅತಿ ದೊಡ್ಡ ಲೋಪ. ತಾರೀಕುಗಳನ್ನು ನೋಡಿ. ದೇಶದಲ್ಲಿ ಲಸಿಕೆ ಶುರುವಾಗಿದ್ದು 2021ರ ಜನವರಿ 16. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಕೊಡಬೇಡಿ ಎಂದು ಆಗಲೇ ಸೂಚನೆ ಇತ್ತು. ಹಾಲುಣಿಸುವವರಿಗೆ ಅನುಮತಿ ಸಿಕ್ಕಿದ್ದು ಮೇ 19ಕ್ಕೆ, ಗರ್ಭಿಣಿಯರಿಗೆ ಜುಲೈ 2ಕ್ಕೆ. ಎರಡನೇ ಅಲೆ ಏಪ್ರಿಲ್, ಮೇ ತಿಂಗಳಲ್ಲೇ ಬಡಿದು ಹೋಗಿತ್ತು.

ಕೊಡದಿದ್ದಕ್ಕೆ ಹೇಳಿದ ಕಾರಣ, ಲಸಿಕೆಯ ಪ್ರಯೋಗಗಳಲ್ಲಿ ಗರ್ಭಿಣಿಯರು ಇರಲಿಲ್ಲ, ಆದ್ದರಿಂದ ಮಾಹಿತಿ ಇಲ್ಲ ಎಂಬುದು. ಆದರೆ ಅವರನ್ನು ಪ್ರಯೋಗದಿಂದ ಹೊರಗಿಟ್ಟವರು ಯಾರು? ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಬೇಡ ಎಂಬ ಕಾಳಜಿಯಿಂದ ಹೊರಗಿಡುತ್ತಾರೆ, ಆಮೇಲೆ ಮಾಹಿತಿಯಿಲ್ಲ ಎಂದು ರಕ್ಷಣೆಯಿಂದಲೂ ಹೊರಗಿಡುತ್ತಾರೆ. ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ಲಸಿಕೆ ಕೊಡುವ ಪರವಾಗಿ ಮಾತಾಡಿದ್ದರೂ ನಿರ್ಧಾರ ತಡವಾಯಿತು.

ಈ ತಡಕ್ಕೆ ತೆತ್ತ ಬೆಲೆ ಎಷ್ಟು ಎಂಬುದಕ್ಕೆ ಐಸಿಎಂಆರ್ ಅಂಕಿಗಳಿವೆ. ಸೋಂಕಿತ ಗರ್ಭಿಣಿ ಮತ್ತು ಬಾಣಂತಿಯರಲ್ಲಿ ಮೊದಲ ಅಲೆಯಲ್ಲಿ ಶೇ 14.2ರಷ್ಟು ಮಂದಿಗೆ ರೋಗಲಕ್ಷಣವಿತ್ತು, ಎರಡನೇ ಅಲೆಯಲ್ಲಿ ಶೇ 28.7. ಸಾವಿನ ಪ್ರಮಾಣ ಶೇ 0.7ರಿಂದ ಶೇ 5.7ಕ್ಕೆ ಏರಿತು. ಮುಂದಿನ ಸಾಂಕ್ರಾಮಿಕಕ್ಕೆ ಲಸಿಕೆ ತಯಾರಾಗುವಾಗ ಗರ್ಭಿಣಿಯರ ಪ್ರಯೋಗ ಮೊದಲ ದಿನದ ಯೋಜನೆಯಲ್ಲೇ ಇರಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳುವಂಥದ್ದೇನೂ ಇಲ್ಲ.

ಬಸುರಿಯಲ್ಲದ ಹೆಂಗಸರಿಗೂ ಲಸಿಕೆ ಸುಲಭವಾಗಿರಲಿಲ್ಲ. ಲಸಿಕೆ ನೋಂದಣಿಯ ಜಾಲತಾಣ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲು ಸ್ಮಾರ್ಟ್‌ಫೋನ್ ಬೇಕಿತ್ತು. ಆಗ ದೇಶದ ಹೆಂಗಸರಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ್ದವರು ಮೂವರಲ್ಲಿ ಒಬ್ಬರು. 2021ರ ಜೂನ್ ಹೊತ್ತಿಗೆ ಲಸಿಕೆ ಪಡೆದವರಲ್ಲಿ ಹೆಂಗಸರು ಗಂಡಸರಿಗಿಂತ ಗಣನೀಯವಾಗಿ ಹಿಂದಿದ್ದರು.

ಲಸಿಕೆ ಹಾಕಿಸಿಕೊಂಡ ಮೇಲೆ ಮುಟ್ಟು ಏರುಪೇರಾಯಿತು. ಭ್ರಮೆಯೇ?

ಭ್ರಮೆಯಲ್ಲ. ಮೊದಮೊದಲು ಹೆಂಗಸರು ಹೀಗೆ ಹೇಳಿದಾಗ ಬಹಳ ಕಡೆ ತಳ್ಳಿಹಾಕಿದರು, ಏಕೆಂದರೆ ಲಸಿಕೆ ಪ್ರಯೋಗದಲ್ಲಿ ಮುಟ್ಟಿನ ಬಗ್ಗೆ ಕೇಳಿಯೇ ಇರಲಿಲ್ಲ. ಆಮೇಲೆ ಅಮೆರಿಕದಲ್ಲಿ ಸುಮಾರು 4,000 ಹೆಂಗಸರ ಮುಟ್ಟಿನ ದಾಖಲೆ ಪರಿಶೀಲಿಸಿ 2022ರ ಜನವರಿಯಲ್ಲಿ ವರದಿ ಬಂತು: ಮುಟ್ಟು ಸರಾಸರಿ ಒಂದು ದಿನಕ್ಕಿಂತ ಕಡಿಮೆ ತಡವಾಗುತ್ತದೆ, ತಾತ್ಕಾಲಿಕ. ಬದಲಾವಣೆ ಚಿಕ್ಕದು, ಬಂಜೆತನಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲೇ ಕೇಳಿ, ಮೊದಲೇ ಹೇಳಿದ್ದರೆ ‘ಮುಟ್ಟಿನ ಐದು ದಿನ ಹಿಂದೆ ಮುಂದೆ ಲಸಿಕೆ ಬೇಡ’ ಎಂಬ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಅಷ್ಟು ಹಬ್ಬುತ್ತಿರಲಿಲ್ಲ.

ಸೋಂಕಿರುವ ತಾಯಿ ಎದೆಹಾಲು ಕೊಡಬಹುದೇ?

ಕೊಡಬಹುದು, ಕೊಡಬೇಕು. ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು. ತಾಯಿ ಮಗುವನ್ನು ಒಟ್ಟಿಗೇ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಶುರುವಿನಿಂದಲೂ ಹೇಳಿತು. ಆದರೂ ಎಷ್ಟೋ ಕಡೆ ಹುಟ್ಟಿದ ಕೂಡಲೇ ಮಗುವನ್ನು ಬೇರೆ ಮಾಡಿ ಡಬ್ಬಿ ಹಾಲು ಹಾಕಿದರು. ತೂಕ ಕಡಿಮೆ ಇರುವ ಮಕ್ಕಳಿಗೆ ತಾಯಿಯ ಎದೆಯ ಶಾಖ ಸಿಗದಿದ್ದರೆ ಅಪಾಯ ಕೊರೊನಾದ್ದಕ್ಕಿಂತ ಎಷ್ಟೋ ಹೆಚ್ಚು.

ಬೇಡದ ಬಸಿರು ನಿಂತಾಗ ಏನಾಯಿತು?

ಲಾಕ್‌ಡೌನ್‌ನ ಶುರುವಿನಲ್ಲಿ ಸಂತಾನಹರಣ ಆಪರೇಷನ್ ಶಿಬಿರಗಳು ನಿಂತವು. ಕಾಪರ್-ಟಿ ಹಾಕುವುದೂ ನಿಂತಿತು. ಬಸಿರು ತಡೆಯುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುತ್ತಿದ್ದವರಿಗೆ ದಿನ ತಪ್ಪಿತು. ಗಂಡ ಇಪ್ಪತ್ನಾಲ್ಕು ಗಂಟೆ ಮನೆಯಲ್ಲಿ. ಬಸಿರು ನಿಂತರೆ ತೆಗೆಸಲು ಜಾಗವಿಲ್ಲ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಇಲ್ಲ. ಲಾಕ್‌ಡೌನ್‌ನ ಮೊದಲ ಮೂರು ತಿಂಗಳಲ್ಲಿ ದೇಶದಲ್ಲಿ ಸುಮಾರು 18.5 ಲಕ್ಷ ಹೆಂಗಸರಿಗೆ ಗರ್ಭಪಾತದ ಸೇವೆ ಬೇಕಾದ ಹೊತ್ತಿಗೆ ಸಿಗಲಿಲ್ಲ ಎಂದು ಐಪಾಸ್ ಡೆವಲಪ್‌ಮೆಂಟ್ ಫೌಂಡೇಶನ್ ಅಂದಾಜು ಮಾಡಿದೆ. ಮಾತ್ರೆಯಲ್ಲಿ ಮುಗಿಯಬಹುದಾಗಿದ್ದದ್ದು ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆಯ ತನಕ ಹೋಯಿತು, ಇನ್ನೆಷ್ಟೋ ಮಂದಿ ಹೆರಲೇಬೇಕಾಯಿತು.

ಇಂಗ್ಲೆಂಡಿನಲ್ಲಿ 2020ರ ಮಾರ್ಚ್ ಕೊನೆಯಲ್ಲೇ ಫೋನಿನಲ್ಲಿ ಡಾಕ್ಟರ್ ಸಲಹೆ ಪಡೆದು ಮಾತ್ರೆಯನ್ನು ಮನೆಗೆ ತರಿಸಿಕೊಳ್ಳಲು ಅವಕಾಶ ಕೊಟ್ಟರು. 2022ರಲ್ಲಿ ಅದನ್ನು ಕಾಯಂ ಮಾಡಿದರು. ನಮ್ಮಲ್ಲಿ ಹಾಗಾಗಲಿಲ್ಲ. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯಿಂದ ಕೆಲವು ವರ್ಗದ ಹೆಂಗಸರಿಗೆ 20 ವಾರದ ಮಿತಿ 24 ವಾರಕ್ಕೆ ಏರಿದ್ದು ಒಳ್ಳೆಯದೇ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದ ಡಾಕ್ಟರ್ ಇಲ್ಲದಿದ್ದರೆ ಕಾನೂನಿನ ವಾರಗಳು ಹಳ್ಳಿಯ ಹೆಂಗಸಿಗೆ ಸಿಗುವುದಿಲ್ಲ.

ಪ್ಯಾಡ್ ಕೂಡ ಸಿಗಲಿಲ್ಲವೇ?

ಮೊದಲ ಕೆಲವು ದಿನ ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಸ್ಯಾನಿಟರಿ ಪ್ಯಾಡ್ ಹೆಸರಿರಲಿಲ್ಲ. ಮಾರ್ಚ್ 29ರಂದು ಕೇಂದ್ರ ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದು ಸೇರಿಸಬೇಕಾಯಿತು. ಶಾಲೆ ಮುಚ್ಚಿದ್ದರಿಂದ ಶಾಲೆಯಲ್ಲಿ ಪ್ಯಾಡ್ ಪಡೆಯುತ್ತಿದ್ದ ಹುಡುಗಿಯರು ಮತ್ತೆ ಹಳೆ ಬಟ್ಟೆಗೆ ಮರಳಿದರು. ಪಿಪಿಇ ತೊಟ್ಟು ಗಂಟೆಗಟ್ಟಲೆ ವಾರ್ಡ್‌ನಲ್ಲಿ ನಿಂತ ನರ್ಸ್‌ಗಳು ಮುಟ್ಟಾದರೂ ಪ್ಯಾಡ್ ಬದಲಿಸಲು ಹೊರಬರುವಂತಿರಲಿಲ್ಲ. ಕಿಟ್ ಬಿಚ್ಚಿದರೆ ಮತ್ತೊಂದು ಕಿಟ್ ಸಿಗುವ ಭರವಸೆ ಇರಲಿಲ್ಲ.

ಕ್ಯಾನ್ಸರ್ ಇದ್ದವರಿಗೆ ಎಷ್ಟು ತೊಂದರೆಯಾಯಿತು?

ದೇಶದ 41 ಕ್ಯಾನ್ಸರ್ ಕೇಂದ್ರಗಳ ದಾಖಲೆ ನೋಡಿದರೆ 2020ರ ಮಾರ್ಚ್‌ನಿಂದ ಮೇ ತನಕ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ 54 ಕಡಿಮೆ. ಕ್ಯಾನ್ಸರ್ ಅರ್ಧಕ್ಕೆ ಇಳಿದಿರಲಿಲ್ಲ, ಬರುವವರು ಇಳಿದಿದ್ದರು. ತಪಾಸಣೆ ಬಹುತೇಕ ಕಡೆ ನಿಂತೇಹೋಗಿತ್ತು. ನಮ್ಮ ಹೆಂಗಸರಲ್ಲಿ ಹೆಚ್ಚು ಕಾಣುವ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಎರಡೂ ಬೇಗ ಸಿಕ್ಕರೆ ಗುಣವಾಗುವಂಥವು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರಲು ಬೀದರಿನಿಂದಲೋ ಕೊಪ್ಪಳದಿಂದಲೋ ರೈಲು ಹತ್ತಬೇಕಾದವರಿಗೆ ರೈಲೇ ಇರಲಿಲ್ಲ.

ಮನೆಯೊಳಗಿನ ಹೊಡೆತ ಬಡಿತ ಆರೋಗ್ಯದ ವಿಷಯವೇ?

ಹೌದು. ಮೂಳೆ ಮುರಿದದ್ದು, ಗರ್ಭ ಹೋದದ್ದು, ನಿದ್ದೆ ಬಾರದ್ದು ಎಲ್ಲ ಆರೋಗ್ಯವೇ. ಲಾಕ್‌ಡೌನ್‌ಗೂ ಮೊದಲೇ, 2019ರಲ್ಲಿ ಇಲ್ಲಿ ನಡೆದ ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಆ ಮನೆಗಳ ಬಾಗಿಲನ್ನೇ ಹೊರಗಿನಿಂದ ಮುಚ್ಚಿದಂತಾಯಿತು. ದೂರು ಕೊಡಲು ಫೋನ್ ಬೇಕು, ಫೋನ್ ಗಂಡನ ಜೇಬಿನಲ್ಲಿ. ಅದಕ್ಕೇ ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ನಂಬರ್ ತೆರೆಯಬೇಕಾಯಿತು. ತಪಾಸಣೆಗೆ ಬಂದ ಬಸುರಿಯನ್ನು ನರ್ಸ್ ಒಂದು ಕ್ಷಣ ಪಕ್ಕಕ್ಕೆ ಕರೆದು “ಮನೆಯಲ್ಲಿ ಎಲ್ಲ ಸರಿ ಇದೆಯೇನಮ್ಮ?” ಎಂದು ಕೇಳುವುದಿತ್ತು. ತಪಾಸಣೆ ತಪ್ಪಿದಾಗ ಆ ಪ್ರಶ್ನೆಯೂ ತಪ್ಪಿತು.

ಬಾಣಂತಿಯ ಮನಸ್ಸಿಗೂ ಕಾಯಿಲೆ ಬರುತ್ತದೆಯೇ?

ಬರುತ್ತದೆ, ಸಾಮಾನ್ಯ ದಿನಗಳಲ್ಲೇ ಬರುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸು ಹೋಗದಿದ್ದರೆ, ಸಾಯುವ ಯೋಚನೆ ಬಂದರೆ ಅದು ಸೊಕ್ಕಲ್ಲ, ದೃಷ್ಟಿಯೂ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಬಾಣಂತನಕ್ಕೆ ತಾಯಿ ಇಲ್ಲ, ನೋಡಲು ಯಾರೂ ಬರುವಂತಿಲ್ಲ ಎಂಬ ಆ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚಿತ್ತು. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ದಾಖಲಾಗುವ ವಿಭಾಗವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆಶಾ ಕಾರ್ಯಕರ್ತೆಯರ ಬಗ್ಗೆ ಇಷ್ಟು ಹೇಳುತ್ತೀರಿ. ಅವರಿಗೆ ಏನು ಸಿಕ್ಕಿತು?

ಚಪ್ಪಾಳೆ ಸಿಕ್ಕಿತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಸುಮಾರು 10 ಲಕ್ಷ ಆಶಾಗಳನ್ನು ಗೌರವಿಸಿತು, ಅದು ಅವರ ಹಕ್ಕಿನ ಗೌರವ. ಆದರೆ ಮನೆಮನೆ ಸಮೀಕ್ಷೆ, ಕ್ವಾರಂಟೈನ್ ಮನೆಗಳಿಗೆ ಚೀಟಿ ಅಂಟಿಸುವುದು, ಹೊರಊರಿನಿಂದ ಬಂದವರ ಪಟ್ಟಿ, ಆಮೇಲೆ ಲಸಿಕೆಗೆ ಜನರನ್ನು ಒಪ್ಪಿಸುವುದು ಎಲ್ಲ ಅವರ ತಲೆಗೇ ಬಿತ್ತು. ಸಮೀಕ್ಷೆಗೆ ಹೋದಲ್ಲಿ ಬೈಗುಳ, ಕೆಲವೆಡೆ ಹಲ್ಲೆ. ಮಾಸ್ಕ್, ಸ್ಯಾನಿಟೈಸರ್ ಸಾಕಷ್ಟು ಇಲ್ಲ. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲೂ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಚಳಿಯಲ್ಲಿ ಮಲಗಿದ ಮೇಲೆ 10,000 ರೂಪಾಯಿಯ ಭರವಸೆ ಬಂತು.

ಬಸುರಿಯರ ವಿಷಯಕ್ಕೂ ಇದಕ್ಕೂ ನೇರ ಸಂಬಂಧವಿದೆ. ಆಶಾ ಬೆಳಗಿನಿಂದ ಸಂಜೆ ತನಕ ಕೊರೊನಾ ಪಟ್ಟಿ ಬರೆಯುತ್ತಿದ್ದರೆ ಏಳನೇ ತಿಂಗಳ ಬಸುರಿಯ ಕಾಲು ಊದಿದ್ದನ್ನು ನೋಡುವವರು ಯಾರು? ಊರಿನ ಹೆಣ್ಣುಮಕ್ಕಳಿಗೂ ಆಸ್ಪತ್ರೆಗೂ ನಡುವೆ ಇದ್ದವರು ಆಕೆಯೊಬ್ಬರೇ. ಆಕೆಯ ಕೆಲಸವನ್ನು ಇನ್ನೊಬ್ಬರಿಗೆ ಹಂಚದೆ ಹೊಸ ಕೆಲಸ ಹೇರಿದ್ದು ಯೋಜನೆ ಮಾಡಿದವರ ತಪ್ಪು.

ಮತ್ತೊಂದು ಸಾಂಕ್ರಾಮಿಕ ಬಂದರೆ ಮನೆಯವರು, ಪಂಚಾಯಿತಿಯವರು ಏನು ಮಾಡಬೇಕು?

ಪಂಚಾಯಿತಿ ಕಾರ್ಯಪಡೆ ಮೊದಲ ದಿನವೇ ಊರಿನಲ್ಲಿರುವ ಎಲ್ಲ ಬಸುರಿಯರ ಪಟ್ಟಿ ಮಾಡಲಿ. ತವರಿಗೆ ಬಂದವರು, ವಲಸೆಯಿಂದ ಮರಳಿದವರು ಸೇರಿ, ತಾಯಿ ಕಾರ್ಡ್ ಯಾವ ಊರಿನದೇ ಆಗಿರಲಿ. ದಿನ ತುಂಬಿದವರಿಗೆ ಒಂದು ಗಾಡಿ ಗೊತ್ತುಮಾಡಿ, ಚಾಲಕನ ನಂಬರ್ ಮತ್ತು ಪಾಸ್ ಮೊದಲೇ ಕೊಡಲಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತದೆ, ಯಾವುದರಲ್ಲಿ ರಕ್ತ ಸಿಗುತ್ತದೆ ಎಂದು ಬೋರ್ಡ್‌ನಲ್ಲಿ ಬರೆಯಲಿ. ಜಿಲ್ಲೆಯಲ್ಲಿ ಒಂದಾದರೂ ಹೆರಿಗೆ ಆಸ್ಪತ್ರೆಯನ್ನು ಬೇರೆ ಯಾವ ಕೆಲಸಕ್ಕೂ ತೆಗೆದುಕೊಳ್ಳದಂತೆ ಒತ್ತಾಯಿಸುವುದು ನಮ್ಮ ನಿಮ್ಮ ಪಾಲಿನ ಕೆಲಸ.

ಮನೆಯಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ಚೀಟಿಗಳ ಫೋಟೊ ತೆಗೆದು ಬಸುರಿಯ ಫೋನಿನಲ್ಲೂ ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಕಬ್ಬಿಣದ ಮಾತ್ರೆ ತಿಂಗಳಿಗಾಗುವಷ್ಟು ಹೆಚ್ಚಿಗೆ ಕೇಳಿ ತೆಗೆದುಕೊಳ್ಳಿ. ಮಾಮೂಲಿ ಸಂದೇಹಗಳಿಗೆ 104ಕ್ಕೆ ಕರೆ ಮಾಡಬಹುದು, ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಮಾತಾಡಬಹುದು. ಬಿಪಿ ನೋಡುವುದು, ಹೊಟ್ಟೆ ಮುಟ್ಟಿ ನೋಡುವುದು ಫೋನಿನಲ್ಲಿ ಆಗುವುದಿಲ್ಲ, ಆ ತಪಾಸಣೆಗೆ ಹೋಗಲೇಬೇಕು. ಹಿಂಸೆ ಇದ್ದರೆ 181, ತುರ್ತಿಗೆ 112.

ಇನ್ನು ಈ ಲಕ್ಷಣಗಳಲ್ಲಿ ಒಂದು ಕಂಡರೂ ಲಾಕ್‌ಡೌನ್ ಇರಲಿ, ಕರ್ಫ್ಯೂ ಇರಲಿ, ರಾತ್ರಿ ಎರಡು ಗಂಟೆಯಾಗಿರಲಿ 108ಕ್ಕೆ ಕರೆ ಮಾಡಿ ಹೊರಡಿ: ರಕ್ತ ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ಜೋರು ಜ್ವರ, ಉಸಿರು ಕಟ್ಟುವುದು, ನೀರು ಒಡೆಯುವುದು, ಮಗುವಿನ ಆಟ ಕಡಿಮೆಯಾಗುವುದು. ಗಾಡಿ ಬರುವುದು ತಡವಾದರೆ ಸಿಕ್ಕ ಗಾಡಿಯಲ್ಲಿ ಹೋಗಿ. ರಿಪೋರ್ಟ್ ಇಲ್ಲವೆಂದು ಆಸ್ಪತ್ರೆಯವರು ತಡೆದರೆ, ಪರೀಕ್ಷೆಗಾಗಿ ಹೆರಿಗೆ ತಡೆಯುವಂತಿಲ್ಲ ಎಂದು ಹೇಳಿ, ತಡೆದವರ ಹೆಸರು ಮತ್ತು ಸಮಯ ಬರೆದುಕೊಳ್ಳಿ, ಅಲ್ಲಿಂದಲೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿ. ಆ ನಂಬರ್ ಇವತ್ತೇ ಹುಡುಕಿ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.